ಬೆನ್ನುಜ್ಜುವ ಸಾಲು

ಮೇಪಲ್ ಎಲೆಗಳು ಕೆಂಪಗಾಗುವ ಹೊತ್ತಿಗೆ ಅಜ್ಜಿ, ಅಮ್ಮ, ನಾನು ಮೂವರೂ ದಾದಿಬೆಟ್ಟದ ಎದುರಿನ ತಂಗುಮನೆಗೆ ಹೋಗುತ್ತೇವೆ. ಅಲ್ಲಿ ನೆಲದಿಂದ ಉಕ್ಕುವ ಬಿಸಿನೀರು ಹಾಲಿನಷ್ಟು ಬೆಳ್ಳಗಿರುತ್ತದೆ. ಬಸ್ಸಿಳಿಯುವ ಮೊದಲೇ ಗಂಧಕದ ವಾಸನೆ ಮೂಗಿಗೆ ಬಂದು, ಮೈಯೆಲ್ಲ ಆಗಲೇ ಸಡಿಲವಾದಂತೆ ಅನಿಸುತ್ತದೆ. ಹೆಂಗಸರ ಕೊಳಕ್ಕಿಳಿಯುವ ಮುಂಚೆ ಬಟ್ಟೆ ಕಳಚಿಟ್ಟು, ಗಿಡ್ಡ ಮಣೆಗಳ ಮೇಲೆ ಒಬ್ಬರ ಹಿಂದೊಬ್ಬರು ಕುಳಿತು ಬೆನ್ನುಜ್ಜುವುದು ನಮ್ಮ ಮನೆಯ ರೂಢಿ. ಅಜ್ಜಿಯ ಬೆನ್ನನ್ನು ಅಮ್ಮ ಉಜ್ಜುತ್ತಾಳೆ, ಅಮ್ಮನ ಬೆನ್ನನ್ನು ನಾನು. ಆಮೇಲೆ ಅಜ್ಜಿ "ತಿರುಗ್ರೇ" ಎನ್ನುತ್ತಾಳೆ. ಮೂವರೂ ಕೂತಲ್ಲೇ ಹಿಂದುಮುಂದಾಗುತ್ತೇವೆ. ಆಗ ನನ್ನ ಬೆನ್ನು ಅಮ್ಮನಿಗೆ, ಅಮ್ಮನ ಬೆನ್ನು ಅಜ್ಜಿಗೆ.

ಈ ವರ್ಷ ಬಸ್ಸಿನಲ್ಲೇ ಅಮ್ಮ ಹೇಳಿಬಿಟ್ಟಳು.

"ನಾನು ಕೊಳಕ್ಕೆ ಬರಲ್ಲ. ರೂಮಲ್ಲೇ ಸ್ನಾನ ಮಾಡ್ಕೋತೀನಿ. ನೀವಿಬ್ರೂ ಹೋಗಿ ಬನ್ನಿ."

"ನಲ್ಲಿ ನೀರಿಗೆ ಇಷ್ಟು ದೂರ ಬರ್ಬೇಕಿತ್ತಾ?" ಎಂದು ಅಜ್ಜಿ ಕಿಟಕಿಯನ್ನು ಕೇಳಿದಳು.

ವಸಂತದಲ್ಲಿ ಅಮ್ಮನ ಎಡಸ್ತನವನ್ನು ತೆಗೆದಿದ್ದರು. ಕಾಯಿಲೆ ಹೋಯಿತು, ಇನ್ನು ಹೆದರಬೇಡಿ ಎಂದರು ಡಾಕ್ಟರು. ಆದರೆ ಅಂದಿನಿಂದ ಅಮ್ಮ ಮನೆಯಲ್ಲೂ ಬಚ್ಚಲ ಚಿಲಕ ಹಾಕಿಕೊಳ್ಳತೊಡಗಿದಳು. ಆ ಗಾಯದ ಗುರುತನ್ನು ನಾನು ನೋಡಿರಲಿಲ್ಲ, ಅವಳನ್ನು ಹೆತ್ತ ಅಜ್ಜಿಯೂ ನೋಡಿರಲಿಲ್ಲ. ಈ ಪ್ರಯಾಣಕ್ಕೆ ಅಜ್ಜಿ ಬೇಸಿಗೆಯಿಂದಲೂ ದಾರಿ ಕಾದದ್ದು ಯಾಕೆಂದು ನನಗೆ ಗೊತ್ತಿತ್ತು. ಮಗಳು ಮತ್ತೆ ತನ್ನ ಹಿಂದೆ ಬಂದು ಕೂರಬೇಕು, ಅಷ್ಟೆ ಅವಳಿಗೆ ಬೇಕಾದದ್ದು.

ಅಜ್ಜಿಯ ಲೋಕದಲ್ಲಿ ದಾರಿಯ ಸುರಂಗವನ್ನು ಕೊರೆದದ್ದು ನರಿಗಳು. ಅದನ್ನು ದಾಟಿದೊಡನೆ ಪ್ರತಿವರ್ಷ ಅವಳು ದಾದಿಬೆಟ್ಟದ ಕಥೆ ಶುರುಮಾಡುವಳು. ಒಂದಕ್ಷರ ಆಚೀಚೆಯಾಗದ ಅದೇ ಕಥೆ. ಈ ಸಲ ಬಸ್ಸು ಸುರಂಗ ದಾಟಿತು. ಅಜ್ಜಿ ಚೀಲದಿಂದ ಕಿತ್ತಳೆ ತೆಗೆದು ಸುಲಿಯತೊಡಗಿದಳು. ಎದೆಹಾಲು ಕೊಟ್ಟು ಒಂದು ಪಕ್ಕವನ್ನೇ ಕಳೆದುಕೊಂಡ ಬೆಟ್ಟದ ಕಥೆಯನ್ನು ಈಗ ಅಮ್ಮನ ಎದುರು ಹೇಗೆ ತಾನೇ ಹೇಳಿಯಾಳು?

ತಂಗುಮನೆಯ ಯಜಮಾನಿ ಬಾಗಿಲಲ್ಲೇ ಮಂಡಿಯೂರಿ ತಲೆಬಾಗಿದರು.

"ಬನ್ನಿ ಬನ್ನಿ, ತೊಮಿಯವ್ರೇ. ಈ ಸಲ ಮಕ್ಕಳು ತುಂಬ ಬಂದಿದ್ದಾರೆ, ಸ್ವಲ್ಪ ಗಲಾಟೆ. ಮನಸ್ಸಿಗೆ ತಗೋಬೇಡಿ."

"ನನ್ನ ಕಿವಿಗೆ ಈಗ ಎಲ್ಲಾ ಗಲಾಟೆನೂ ಪಿಸುಮಾತೇ," ಎಂದಳು ಅಜ್ಜಿ. "ನಮ್ಮ ಬೆಟ್ಟ ಹೇಗಿದೆ?"

"ಬೆಳಿಗ್ಗೆಯಿಂದ ಮುಸುಕು ಹೊದ್ದುಕೊಂಡು ಕೂತಿದೆ ನೋಡಿ."

ಹೊಸಿಲ ಪಕ್ಕ ಅಂಗೈಯಗಲದ ಚಪ್ಪಲಿಗಳು ಸಾಲಾಗಿದ್ದವು. ಗೂಡಿನಲ್ಲಿ ಮೊಲಗಳ ಚಿತ್ರವಿದ್ದ ಪುಟಾಣಿ ಯುಕಾತಾಗಳನ್ನು, ಸ್ನಾನದ ಹೊತ್ತಿಗೆ ಸುತ್ತಿಕೊಳ್ಳುವ ಹತ್ತಿಯ ನಿಲುವಂಗಿಗಳನ್ನು, ಮಡಿಸಿಟ್ಟಿದ್ದರು. ನಾನೂ ಒಂದು ಕಾಲಕ್ಕೆ ಅಂಥದೇ ಮೊಲಗಳನ್ನು ಉಟ್ಟು, ರಾತ್ರಿ ಅವು ಬಟ್ಟೆಯಿಂದಿಳಿದು ಬೆಟ್ಟ ಹತ್ತುತ್ತವೆ ಎಂದು ನಂಬಿದ್ದೆ.

ನಮ್ಮ ಕೋಣೆಯ ಕಿಟಕಿ ಹೊಳೆಯ ಕಡೆಗೆ. ಬೆಟ್ಟ ಕಾಣುವುದು ಕೊಳವಿರುವ ಸ್ನಾನದ ಕೋಣೆಯ ದೊಡ್ಡ ಗಾಜಿನಿಂದ ಮಾತ್ರ. ಅಮ್ಮ ತನ್ನ ಯುಕಾತಾ ಎತ್ತಿಕೊಂಡು ನಮ್ಮ ಕೋಣೆಯ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದವಳೇ "ಬುಗ್ಗೆಯಲ್ಲಿ ಬೇಯಿಸಿದ ಮೊಟ್ಟೆ ತರ್ತೀನಿ" ಎಂದು ನಮ್ಮ ಮುಖ ನೋಡದೆ ನಡುಮನೆಗೆ ನಡೆದಳು. ಅಜ್ಜಿಯ ಕೈ ಹಿಡಿದು ನಾನೂ ಹಿಂದೆ ಹೊರಟೆ.

ಎದುರಿನಿಂದ ಐದು ವರ್ಷದ ಒಂದು ಹುಡುಗಿ ಮೊಲದ ಯುಕಾತಾವನ್ನು ನೆಲಕ್ಕೆಳೆಯುತ್ತ ಕುಣಿದು ಬರುತ್ತಿದ್ದಳು. ಅಮ್ಮನನ್ನು ಕಂಡು ಗಕ್ಕನೆ ನಿಂತಳು.

"ಅಮ್ಮಾ! ಈ ಆಂಟಿ ಸತ್ತೋಗಿರೋರ ಥರ ಉಟ್ಕೊಂಡಿದ್ದಾರೆ!"

"ಸುಜು! ಬಾಯ್ಮುಚ್ಚು!" ಹಿಂದಿನಿಂದ ಓಡಿಬಂದ ಅವಳ ತಾಯಿ ಸೊಂಟ ಮುರಿಯುವಷ್ಟು ಬಾಗಿದರು. "ತಪ್ಪಾಯ್ತು, ದಯವಿಟ್ಟು ಕ್ಷಮಿಸಿ."

"ನೀನೇ ಹೇಳಿದ್ದಲ್ವಾ? ಬಲಗಡೆದು ಮೇಲೆ ಬಂದ್ರೆ ದೆವ್ವ ಅಂತ!"

ಅಮ್ಮ ತಲೆತಗ್ಗಿಸಿ ತನ್ನ ಎದೆಯನ್ನು ನೋಡಿಕೊಂಡಳು. ಬಲಸೆರಗು ಮೇಲಿತ್ತು, ಎಡಸೆರಗು ಒಳಗೆ. ನಮ್ಮಲ್ಲಿ ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ. ಅಜ್ಜಿ ನನ್ನ ಕೈ ಬಿಟ್ಟಳು. ಅಮ್ಮನ ತೋಳು ಹಿಡಿದು ಕೋಣೆಗೆ ಕರೆದುಕೊಂಡು ಬಂದಳು.

"ಎಡಗೈಯನ್ನ ಅಷ್ಟು ದೂರ ಎಳೆಯಕ್ಕಾಗಲ್ಲ ಕಣಮ್ಮಾ," ಅಮ್ಮ ಗೊಣಗಿದಳು. "ಹೆಂಗೆ ಬಂತೋ ಹಂಗೆ ಸುತ್ಕೊಂಡೆ."

"ಒಳಗೆ ಕನ್ನಡಿ ಇತ್ತಲ್ಲೇ."

"ನೋಡ್ಲಿಲ್ಲ."

"ಯಾಕೆ?"

"ನೋಡಲ್ಲ, ಅಷ್ಟೆ. ಬಿಡು."

ಅಜ್ಜಿ ನಿಧಾನವಾಗಿ ಚಾಪೆಯ ಮೇಲೆ ಕುಳಿತಳು.

"ರಿತ್ಸು, ನಿಮ್ಮಪ್ಪಂಗೆ ನಾನು ಈ ಕೈಯಾರೆ ಹಂಗೆ ಉಡಿಸಿದ್ದೀನಿ. ನಿಂಗೆ ಉಡಿಸೋ ಸರದಿ ನಂದಲ್ಲ. ನಂಗೆ ನೀನು ಉಡಿಸ್ಬೇಕು. ಬಾ ಇಲ್ಲಿ, ಬಿಚ್ಚು."

"ಚಿಗುಸ ಇದ್ದಾಳೆ."

"ಇದ್ರೆ ಇರ್ಲಿ. ಅವಳೇನು ಬೀದೀಲಿ ಹೋಗೋಳಾ?"

ನಾನು ಹೊಳೆಯ ಕಡೆಗೆ ತಿರುಗಿ ನಿಂತೆ. ಸೊಂಟಪಟ್ಟಿ ಸಡಿಲವಾಗುವ ಸರಸರ ಕೇಳಿಸಿತು. ಆಮೇಲೆ ನೀರಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಅಜ್ಜಿ ಅಳುತ್ತಿದ್ದಾಳೇನೋ ಎಂದುಕೊಂಡೆ.

"ಹೊಲಿಗೆ ನೀಟಾಗಿದೆ," ಎಂದಳು ಅಜ್ಜಿ ಕೊನೆಗೆ. "ನಾನು ನಿನ್ನ ಸ್ಕೂಲ್ ಬ್ಯಾಗ್ ಹೊಲಿದದ್ದಕ್ಕಿಂತ ಪರವಾಗಿಲ್ಲ."

"ಆ ಬ್ಯಾಗು ಒಂದು ಮಳೆಗೇ ಕಿತ್ತೋಯ್ತು."

"ಅದಕ್ಕೇ ಹೇಳಿದ್ದು."

ಅಮ್ಮನ ಮೂಗಿನಿಂದ ನಗುವಿನಂಥದೊಂದು ಸದ್ದು ಬಂತು. ನಾನು ತಿರುಗಿ ನೋಡುವಷ್ಟರಲ್ಲಿ ಅಜ್ಜಿ ಎಡಸೆರಗನ್ನು ಮೇಲೆ ತಂದು, ಪಟ್ಟಿ ಬಿಗಿದು, ಗಂಟಿನ ಮೇಲೊಂದು ಏಟು ಕೊಟ್ಟಾಗಿತ್ತು. ಕೊಳದ ಮಾತನ್ನು ಅವಳು ಎತ್ತಲೇ ಇಲ್ಲ. ಪುಟ್ಟ ಟವೆಲನ್ನು ಹೆಗಲಿಗೆ ಹಾಕಿಕೊಂಡಳು.

"ನಡಿಯೇ ಚಿಗುಸ. ಇವತ್ತು ನನ್ನ ಬೆನ್ನು ನಿನ್ನ ಪಾಲು. ನೀನು ಉಜ್ಜಿದ್ರೆ ಮೂಲಂಗಿ ತುರಿದ ಹಾಗಿರತ್ತೆ. ಏನ್ಮಾಡೋದು, ಅನುಭವಿಸ್ಬೇಕು."

"ಅಮ್ಮಾ, ನಾನು ಬಸ್ಸಲ್ಲೇ ಹೇಳಿದ್ನಲ್ಲ..."

"ನಾನೇನಾದ್ರೂ ಕೇಳಿದ್ನಾ?"

ಸ್ನಾನದ ಕೋಣೆ ಹಬೆಯಿಂದ ತುಂಬಿತ್ತು. ಸುಜು ಮತ್ತು ಅವಳ ತಾಯಿ ಆಗಲೇ ಅಲ್ಲಿದ್ದರು. ಮಕ್ಕಳ ಮಣೆಯ ಮೇಲೆ ಕುಳಿತಿದ್ದ ಸುಜುವಿನ ತಲೆಯಲ್ಲಿ ಸೋಪಿನ ನೊರೆ ಕೋಡಿನಂತೆ ನಿಂತಿತ್ತು. ಅಜ್ಜಿ ಮುಂದೆ, ನಾನು ಹಿಂದೆ ಕುಳಿತೆವು. ಅಜ್ಜಿಯ ಬೆನ್ನು ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. ಪ್ರತಿವರ್ಷ ನಡುವೆ ಅಮ್ಮ ಇರುತ್ತಿದ್ದಳು. ಉಜ್ಜತೊಡಗಿದೆ. ಅಜ್ಜಿ ಮೂಲಂಗಿಯ ಮಾತನ್ನೂ ಆಡಲಿಲ್ಲ.

ಗಾಜಿನಾಚೆ ಮೋಡ ಒಂದಿಷ್ಟು ಸರಿಯಿತು. ಬೆಟ್ಟ ಹೆಗಲವರೆಗೆ ಹೊರಬಂತು.

"ಅಜ್ಜೀ, ಆ ಬೆಟ್ಟನ ಯಾರು ಕಚ್ಚಿದ್ದು?" ಸುಜು ಕೇಳಿದಳು. ಬೆಟ್ಟದ ಒಂದು ಪಕ್ಕ ನಿಜಕ್ಕೂ ಯಾರೋ ಬಾಯಿ ಹಾಕಿದಂತೆ ಕುಸಿದಿದೆ.

ಅಜ್ಜಿಯ ಬೆನ್ನು ನನ್ನ ಕೈಕೆಳಗೆ ಬಿಗಿಯಾಯಿತು.

"ಅದಾ... ಒಬ್ಬ ದೈತ್ಯ ಇದ್ದ. ಬೆಟ್ಟನ ಅನ್ನದುಂಡೆ ಅಂದ್ಕೊಂಡು ಒಂದ್ಸಲ ಕಚ್ಚಿಬಿಟ್ಟ."

ಅಜ್ಜಿ ತನ್ನ ಕಥೆಗೆ ಸುಳ್ಳು ಬೆರೆಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಸುಳ್ಳು. ಕಥೆ ಹಂಗಿಲ್ಲ."

ಹಬೆಯ ಹಿಂದೆ, ಬಾಗಿಲ ಬಳಿ ಅಮ್ಮ ನಿಂತಿದ್ದಳು. ಪುಟ್ಟ ಟವೆಲನ್ನು ಎದೆಗೆ ಅವಚಿ ಹಿಡಿದಿದ್ದಳು. ಒದ್ದೆ ನೆಲದ ಮೇಲೆ ಹೆಜ್ಜೆಯೂರಿ ಬಂದು, ಒಂದು ಮಣೆಯನ್ನು ಕಾಲಿನಿಂದ ಎಳೆದುಕೊಂಡಳು.

"ಏಳು ಚಿಗುಸ, ಹಿಂದೆ ಹೋಗು. ಅಜ್ಜಿ ಬೆನ್ನು ಕೆಂಪಗಾಗಿದೆ ನೋಡು. ಎಲ್ಲಿ ಕಲಿತೆ ಈ ಉಜ್ಜೋದನ್ನ?"

ಕುಳಿತಳು. ಬೆನ್ನುಜ್ಜಲು ಟವೆಲು ಬೇಕು. ಅವಳ ಬಳಿ ಇದ್ದದ್ದು ಎದೆಯ ಮೇಲಿನ ಆ ಒಂದೇ ಟವೆಲು. ನಾನು ನನ್ನದನ್ನು ಕೊಡಬಹುದಿತ್ತು, ಕೈ ಮುಂದೆ ಹೋಗಲಿಲ್ಲ. ಅಮ್ಮ ಟವೆಲನ್ನು ಕೆಳಗಿಳಿಸಿ, ಬಕೆಟಿನಲ್ಲಿ ಅದ್ದಿ, ಸೋಪು ಹಚ್ಚಿ, ಅಜ್ಜಿಯ ಬೆನ್ನಿನ ಮೇಲಿಟ್ಟಳು. ಅಜ್ಜಿ ತಿರುಗಿ ನೋಡಲಿಲ್ಲ. ಕತ್ತನ್ನು ಮಾತ್ರ ಮುಂದೆ ಬಾಗಿಸಿದಳು.

"ಕೇಳು ಪುಟ್ಟಿ," ಅಮ್ಮ ಸುಜುವಿಗೆ ಹೇಳತೊಡಗಿದಳು. "ಬಹಳ ಹಿಂದೆ ಹಿಮದಲ್ಲಿ ಒಂದು ಮಗು ಅಳ್ತಾ ಇತ್ತು. ಅದಕ್ಕೆ ಯಾರೂ ಇರ್ಲಿಲ್ಲ. ಬೆಟ್ಟ ಮೇಲಿಂದ ನೋಡ್ತು. ನೋಡಿ ನೋಡಿ ತಡಿಯಕ್ಕಾಗ್ದೆ ಬಗ್ಗಿ ಹಾಲು ಕೊಡ್ತು. ಮಗೂಗೆ ಎಷ್ಟು ಹಸಿವಿತ್ತು ಅಂದ್ರೆ, ಕುಡೀತಾ ಕುಡೀತಾ ಬೆಟ್ಟದ ಆ ಪಕ್ಕಾನೇ ಕುಸಿದುಬಿಡ್ತು. ಹಾಲು ಮಾತ್ರ ನಿಲ್ಲಲಿಲ್ಲ. ಅಗೋ, ಆ ಕೊಳದಲ್ಲಿರೋದು ಅದೇ."

ಒಂದಕ್ಷರವೂ ಆಚೀಚೆಯಾಗಿರಲಿಲ್ಲ.

ಸುಜು ಕೊಳ ನೋಡಿದಳು, ಬೆಟ್ಟ ನೋಡಿದಳು, ಆಮೇಲೆ ಅಮ್ಮನ ಎದೆ ನೋಡಿದಳು. ಅವಳ ತಾಯಿ ಕೈಯಲ್ಲಿದ್ದ ತಂಬಿಗೆಯನ್ನು ಹಾಗೇ ಹಿಡಿದು ಕಲ್ಲಾದರು.

"ಆಂಟೀ, ನಿಮ್ದೂ ಮಗು ಕುಡಿದುಬಿಡ್ತಾ?"

ಅಮ್ಮ ಗದ್ದದಿಂದ ನನ್ನತ್ತ ತೋರಿಸಿದಳು. "ಇವಳು ಕುಡಿದಿದ್ದೇನೋ ಹೌದು. ನೋಡು, ಬಿದಿರಿನ ಥರ ಬೆಳೆದಿದ್ದಾಳೆ. ಆದ್ರೆ ಇದು ಅದಲ್ಲ. ಕಾಯಿಲೆ ಆಗಿತ್ತು, ಡಾಕ್ಟರು ತೆಗೆದ್ರು."

"ನೋವಾಯ್ತಾ?"

"ಆಯ್ತು."

"ಆಮೇಲೆ?"

ಅಮ್ಮ ಟವೆಲು ಹಿಂಡಿದಳು. "ಆಮೇಲೇನು, ಬೆನ್ನುಜ್ಜಕ್ಕೆ ಬಂದೆ."

ಆ ಉತ್ತರ ಸುಜುವಿಗೆ ಸಾಕಾಯಿತು. ಅವಳು ಕಣ್ಣುಮುಚ್ಚಿ ತಲೆಯೊಡ್ಡಿದಳು, ಅವಳ ತಾಯಿ ತಂಬಿಗೆಯ ನೀರನ್ನು ಆ ನೊರೆಯ ಕೋಡಿನ ಮೇಲೆ ಸುರಿದರು. ಸೋಪು ಹಿಡಿದ ನನ್ನ ಕೈ ಜಾರುತ್ತಿತ್ತು. ಅಮ್ಮನ ಬೆನ್ನು ಹೋದ ವರ್ಷದ್ದೇ ಬೆನ್ನು, ಎಡಭುಜದ ಕೆಳಗಿನ ಮಚ್ಚೆಯೂ ಇದ್ದಲ್ಲೇ ಇತ್ತು. ಮೂಲಂಗಿ ತುರಿಯದ ಹಾಗೆ ಮೆಲ್ಲಗೆ ಉಜ್ಜಿದೆ.

"ತಿರುಗ್ರೇ," ಎಂದಳು ಅಜ್ಜಿ. ಅವಳ ದನಿ ಒದ್ದೆಯಾಗಿತ್ತು. ಹಬೆಯಿಂದಲೂ ಇರಬಹುದು.

ಮೂವರೂ ತಿರುಗಿದೆವು. ಈಗ ಎಲ್ಲರಿಗಿಂತ ಮುಂದೆ ನಾನು. ಹಿಂದೆ ಅಜ್ಜಿಯ ಟವೆಲು ಅಮ್ಮನ ಬೆನ್ನ ಮೇಲೆ ಓಡಾಡುವ ಸದ್ದು. ಅಜ್ಜಿ ಅಷ್ಟು ಹೊತ್ತು ಒಂದೇ ಬೆನ್ನನ್ನು ಉಜ್ಜಿದ್ದನ್ನು ನಾನು ಕಂಡಿಲ್ಲ.

"ಸಾಕು ಕಣಮ್ಮಾ, ಚರ್ಮ ಕಿತ್ತೋಗತ್ತೆ."

"ಸುಮ್ನೆ ಕೂತ್ಕೊಳ್ಳೇ. ವಸಂತದಿಂದ ಬಾಕಿ ಇದೆ."

ಅಮ್ಮ ಟವೆಲನ್ನು ಎಡಗೈಗೆ ಬದಲಾಯಿಸಿಕೊಂಡಳು. ಡಾಕ್ಟರು ಆ ಕೈಯನ್ನು ಆಡಿಸುತ್ತಿರಬೇಕು ಎಂದಿದ್ದರು. ಅದು ನನ್ನ ಸೊಂಟದಿಂದ ಹೊರಟು, ಬೆನ್ನಿನ ನಡುವಿಗೆ ಬಂದು, ಅಲ್ಲಿ ನಡುಗಿ ನಿಂತಿತು. ಅದಕ್ಕಿಂತ ಮೇಲೆ ಏರಲಿಲ್ಲ.

ನಾನು ಸ್ವಲ್ಪ ಕೆಳಕ್ಕೆ ಜಾರಿ ಕುಳಿತೆ. ಆಗ ಆ ಕೈ ಭುಜದವರೆಗೂ ಬಂತು.