ಕತ್ತಿಗೆ ಕೊಟ್ಟ ಹೆಣ್ಣು

ಗಜೇಂದ್ರಗಡದ ಗುಡ್ಡದ ಬುಡದ ಬೇಡರ ಹಟ್ಟಿಗೆ ಅಡಿವೆವ್ವ ಸೊಸೆಯಾಗಿ ಬಂದಾಗ ಹಂದರದಲ್ಲಿ ವರನಿರಲಿಲ್ಲ, ಅವನ ಕತ್ತಿಯಿತ್ತು. ಆಯುಧ ಒಪ್ಪಿಸಿರೆಂದು ಕಂಪನಿ ಸರ್ಕಾರ ಡಂಗುರ ಸಾರಿದ್ದ ಕಾಲ. ಹಟ್ಟಿಯ ಹಿರಿಯರ ಕೂಟವನ್ನು ದೈವ ಎನ್ನುತ್ತಿದ್ದರು. ಆ ದೈವ ಊರಲ್ಲಿ ಸಾಹೇಬನ ಮುಂದೆ ಕೈಮುಗಿದು ಅಹವಾಲು ಹೇಳಿಕೊಳ್ಳುತ್ತಿತ್ತು. ಅದೇ ದೈವದ ಪಡೆ ಗುಡ್ಡದ ಮೇಲೆ ಬಂದೂಕು ತಿಕ್ಕುತ್ತಿತ್ತು.

ವರ ಪರಶಪ್ಪ ಪಡೆಯಲ್ಲಿದ್ದ, ಕೆಳಗಿಳಿದರೆ ಸೆರೆ. ಹಾಗಾಗಿ ದೈವದ ಹಿರಿಯ ನಿಂಗಪ್ಪ ಕತ್ತಿಗೇ ಬಾಸಿಂಗ ಕಟ್ಟಿಸಿ, ಮಣೆಯ ಮೇಲಿಟ್ಟು ಅಕ್ಷತೆ ಹಾಕಿಸಿದ. ಅಕ್ಕನ ಗಂಡನ ಜೊತೆ ನಿಲ್ಲಬೇಕೆಂದು ಅಡಿವೆವ್ವನ ಒಬ್ಬನೇ ತಮ್ಮ ದುರಗಪ್ಪ ಪಡೆ ಸೇರಿದ. ದೈವಕ್ಕೆ ಬೇಕಾದದ್ದೂ ಅದೇ.

ಕಾಣದ ಗಂಡನಿಗೆ ಅವಳು ಮನಸ್ಸಿನಲ್ಲೇ ಮುಖ ಕೊಟ್ಟುಕೊಂಡಳು. ಗುಡ್ಡಕ್ಕೆ ಹೋಗುವ ಬುತ್ತಿಯಲ್ಲಿ ಅವನ ಪಾಲಿನ ರೊಟ್ಟಿ ಯಾವುದೆಂದು ಗೊತ್ತಾಗದೆ ಎಲ್ಲವನ್ನೂ ತೆಳ್ಳಗೆ ಬಡಿಯುತ್ತಿದ್ದಳು.

ಮಳೆಗಾಲದ ಹೊತ್ತಿಗೆ ನರಗುಂದದ ಕೋಟೆ ಬಿತ್ತು. ಅಲ್ಲಿ ಕಾದಾಡಲು ಹೋಗಿದ್ದ ದುರಗಪ್ಪನ ಹೆಣವೂ ಸಿಗಲಿಲ್ಲ. ದೈವ ಇದ್ದ ಆಯುಧಗಳನ್ನೆಲ್ಲ ಚಾವಡಿಗೆ ಒಪ್ಪಿಸಿತು. ಅಡಿವೆವ್ವನ ಮದುವೆಯ ಕತ್ತಿಯನ್ನೂ ಸಿಪಾಯಿಗಳು ಮುರಿದು ಹಾಕಿದರು. ಆಮೇಲೆ ಮಾಫಿ ಸಿಕ್ಕಿತು, ಜೊತೆಗೆ ಚಾವಡಿ ಕಾಯುವ ವಾಲಿಕಾರನ ಕೆಲಸವೂ ಸಿಕ್ಕಿತು, ಪರಶಪ್ಪ ಮನೆಗೆ ಬಂದ.

"ಯವ್ವಾ, ಈಕಿ ಯಾರ?" ಎಂದು ತಾಯಿಯನ್ನು ಕೇಳಿದ.

"ನಿನ್ನ ಹೇಣ್ತಿ. ಮೊದಲ ಮಾರಿ ತೊಳಕೊ," ಎಂದಳು ಉಡಚವ್ವ.

ಸಂಜೆ ಅವರ ಅಂಗಳದಲ್ಲಿ ದೈವ ಊಟಕ್ಕೆ ಕೂತಿತು. ನಿಂಗಪ್ಪ ಮಾತು ತೆಗೆದ. "ಕತ್ತಿ ಮುರೀತು, ಲಗ್ನಾನೂ ಮುರೀತು. ಅದು ಅಡಚಣಿಗೆ ಮಾಡಿದ್ದು. ಈಗ ಪರಶ್ಯಾ ಸರ್ಕಾರದ ವಾಲಿಕಾರ ಆಗ್ಯಾನ. ನನ್ನ ಮಗಳನ್ನ ಕೊಡ್ತೀನಿ."

"ಹಂಗಾರ ಕತ್ತೀದು ತಿಥಿ ಮಾಡೂಣೇನೋ ನಿಂಗ್ಯಾ?" ಎಂದು ಮುದುಕನೊಬ್ಬ ನಕ್ಕ.

ಅಡಿವೆವ್ವ ಬಾಗಿಲಲ್ಲೇ ನಿಂತು ಕೇಳಿದಳು: "ಲಗ್ನ ಸುಳ್ಳಾದ್ರ, ನನ್ನ ತಮ್ಮ ಯಾರನ್ನ ಮಾವ ಅಂತ ನಂಬಿ ಸತ್ತನ್ರಿ?"

"ದೈವ ಕೂತಾಗ ಹೆಣಮಕ್ಕಳ ಮಾತು ಬ್ಯಾಡ," ಎಂದ ನಿಂಗಪ್ಪ. "ರೊಟ್ಟಿ ತಗೊಂಡ ಬಾ."

ತಂದಳು. ಪರಶಪ್ಪ ಮುರಿದು ಬಾಯಿಗಿಟ್ಟುಕೊಂಡ, ಅಗಿದ, ಅವಳ ಕಡೆ ನೋಡಿದ. "ಈಕೀನೂ ಇರಲಿ ಬಿಡ್ರಿ, ನಿಮ್ಮ ಮಗಳೂ ಬರಲಿ. ರೊಟ್ಟಿ ಚಲೋ ಬಡೀತಾಳ."

ದೈವ ತಲೆದೂಗಿತು. ಒಳಗೆ ಉಡಚವ್ವ ನಿಟ್ಟುಸಿರು ಬಿಟ್ಟಳು. ರೊಟ್ಟಿ ಚಲೋ ಅನ್ನುವ ಅವನ ಮಾತಿಗೇ ಅಡಿವೆವ್ವ ಒಂದು ವರ್ಷ ಕಾದಿದ್ದಳು. ಅದು ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವನ ಬಾಯಲ್ಲಿ ಬಂದಂತೆ ಬಂತು.

ಅವಳು ಬುಟ್ಟಿ ಹಿಡಿದು ಅವನ ಮುಂದೆ ಬಂದಳು. ಮೊದಲ ಸಲ ಮುಖವೆತ್ತಿ ನೇರ ನೋಡಿ, ಎಲ್ಲರಿಗೂ ಕೇಳುವಂತೆ ಅಂದಳು: "ಇನ್ನೊಂದ ರೊಟ್ಟಿ ಹಾಕಲೇನು, ಅಣ್ಣಾ?"

ಎತ್ತಿದ ತುತ್ತನ್ನು ಅವನು ತಾಟಿಗೆ ಇಳಿಸಿದ. ದೈವದೆದುರು ಅಣ್ಣ ಅಂದವಳನ್ನು ಹೆಂಡತಿ ಅನ್ನುವ ಎದೆ ಯಾವ ಗಂಡಸಿಗಿದೆ? ಉಡಚವ್ವ ಹಣೆ ಚಚ್ಚಿಕೊಂಡಳು. ಅಡಿವೆವ್ವ ಅವನ ತಾಟಿಗೆ ರೊಟ್ಟಿ ಹಾಕಿ, ಪಕ್ಕದವನ ಮುಂದೆ ಬುಟ್ಟಿ ಸರಿಸಿದಳು.