ಬಿಲ್ಲಿಲ್ಲದ ಪೆಟ್ಟಿಗೆ

ಕಲ್ಯಾಣಪ್ಪ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಅದರ ತಳವನ್ನು ಬೆಳಕಿಗೆ ಹಿಡಿದು ನೋಡಿದರು. ಮಾರಾಟ ತೆರಿಗೆಯ ಈ ಇನ್ಸ್‌ಪೆಕ್ಟರು ಆಳಂದ ಬಸ್ ನಿಲ್ದಾಣದ ಎದುರಿಗಿದ್ದ ಚಂದ್ರಾಮನ ಟೀವಿ ಅಂಗಡಿಗೆ ಬಂದು ಕೂತಾಗಿನಿಂದ ಒಂದು ಮಾತನ್ನೂ ಜೋರಾಗಿ ಆಡಿರಲಿಲ್ಲ. ಚಂದ್ರಾಮನಿಗೆ ಅದೇ ಹೆಚ್ಚು ದಿಗಿಲು ಹುಟ್ಟಿಸಿತ್ತು.

ಟೀವಿಗೆ ಜೋಡಿಸಿ ಆಡುವ ವಿಡಿಯೊ ಗೇಮಿನ ಪೆಟ್ಟಿಗೆ ಅದು; ಅದೂ ಸೇರಿ ಮೂರು ಕೌಂಟರಿನ ಮೇಲಿದ್ದವು. ಸೊಲ್ಲಾಪುರದ ಮಾಲು, ಲಾರಿಯಲ್ಲಿ ಹತ್ತಿಬೀಜದ ಚೀಲಗಳ ಸಂದಿಯಲ್ಲಿ ಅಡಗಿ ಗಡಿಯ ಖಜೂರಿ ತನಿಖಾ ನಾಕಾ ದಾಟಿ ಬಂದದ್ದು. ಕೊಂಡ ಬಿಲ್ಲೂ ಇಲ್ಲ, ತೆರಿಗೆ ಕಟ್ಟಿದ್ದೂ ಇಲ್ಲ. ಇವೆಲ್ಲ ರಿಪೇರಿಗೆ ಬಂದವು, ಒಂದನ್ನೂ ತಾನು ಮಾರಿಲ್ಲ ಎಂದು ಚಂದ್ರಾಮ ಹೇಳಿಯಾಗಿತ್ತು. ಕಲ್ಯಾಣಪ್ಪ ನಂಬಿದಂತೆ ಕಾಣಲಿಲ್ಲ. ನಂಬಿಲ್ಲ ಎಂದೂ ಹೇಳಲಿಲ್ಲ. ಚಹಾ ಮಾತ್ರ ಮುಟ್ಟದೆ ಪಕ್ಕಕ್ಕೆ ಸರಿಸಿದರು.

ಅಷ್ಟರಲ್ಲಿ ಹುಸೇನಬೀ ಮೆಟ್ಟಿಲು ಹತ್ತಿದಳು. ಹಳೆಯ ದುಪ್ಪಟ್ಟಿಯಲ್ಲಿ ಸುತ್ತಿದ ಗಂಟನ್ನು ಕೌಂಟರಿನ ಮೇಲಿಟ್ಟು ಬಿಚ್ಚಿದಳು. ಅದೇ ಬೂದು ಬಣ್ಣದ ಪೆಟ್ಟಿಗೆ, ನಾಲ್ಕನೆಯದು.

ಖಜೂರಿಯ ಈ ಹೆಂಗಸು ಎರಡು ಆಡು ಮಾರಿ ಅದನ್ನು ಕೊಂಡಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದಿದ್ದ ಬೆಲೆಬಾಳುವ ವಸ್ತುವೆಂದರೆ ಒಂದು ಟೀವಿ. ಅದಕ್ಕೆ ಗೇಮ್ ಜೋಡಿಸಿ, ಓಣಿಯ ಹುಡುಗರಿಗೆ ತಾಸಿನ ಲೆಕ್ಕದಲ್ಲಿ ಆಡಲು ಬಿಟ್ಟರೆ ಸಂಸಾರ ಸಾಗುತ್ತದೆ ಎಂದುಕೊಂಡಿದ್ದಳು. ಮಾರನೆಯ ದಿನವೇ ಸುಟ್ಟ ವಾಸನೆ ಬಂದು ಪೆಟ್ಟಿಗೆ ಸತ್ತಿತು. ಹಿಂದಿನ ವಾರ ಅವಳು ಬಂದು ರೊಕ್ಕ ವಾಪಸ್ ಕೇಳಿದಾಗ ಚಂದ್ರಾಮ ನಾಲ್ಕು ಗಿರಾಕಿಗಳ ಮುಂದೆಯೇ ಗದರಿಸಿದ್ದ. ಬಿಲ್ಲಿದ್ದರೆ ಕಲಬುರ್ಗಿಯ ಗ್ರಾಹಕರ ಕೋರ್ಟಿಗೆ ಹೋಗು, ಇಲ್ಲದಿದ್ದರೆ ಮನೆಗೆ ಹೋಗು ಎಂದಿದ್ದ.

"ಇದನ್ನ ಎಲ್ಲಿ ತಗೊಂಡ್ರಿ ತಾಯಿ?" ಕಲ್ಯಾಣಪ್ಪ ಕೇಳಿದರು.

ಹುಸೇನಬೀ ಅವರ ಬಗಲಲ್ಲಿದ್ದ ಚರ್ಮದ ಚೀಲವನ್ನು ನೋಡಿದಳು, ಬಾಗಿಲಾಚೆ ನಿಂತ ಜೀಪನ್ನು ನೋಡಿದಳು, ಆಮೇಲೆ ಚಂದ್ರಾಮನನ್ನು. ಅವನು ಕಣ್ಣು ತಪ್ಪಿಸಿದ.

"ಇಲ್ಲೇ ತಗೊಂಡೀನ್ರಿ, ಈ ಅಣ್ಣನ ಕೈಲೇ. ಬಿಲ್ ಬೇಕಂದ್ರ ಟ್ಯಾಕ್ಸ್ ಹತ್ತತದ, ರೇಟ್ ಹೆಚ್ಚಾಗತದ ಅಂದ. ಉಳೀತದಲ್ಲ ಅಂತ ನಾನೂ ಹೂಂ ಅಂದೆ. ಅದು ನಂದೂ ತಪ್ಪದ, ಸಾಹೇಬ್ರ."

ಕಲ್ಯಾಣಪ್ಪ ಚಂದ್ರಾಮನ ಕಡೆ ತಿರುಗಿದರು. ಅವಳ ಬಳಿ ಚೀಟಿ ಇಲ್ಲ, ಸಾಕ್ಷಿಯಿಲ್ಲ. ಈಕೆ ಯಾರೋ ಗೊತ್ತಿಲ್ಲ ಎಂದರೆ ಸಾಕು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆ ಮಾತು ಚಂದ್ರಾಮನ ನಾಲಗೆಯ ತುದಿಗೂ ಬಂದಿತ್ತು.

ಆದರೆ ಎರಡು ದಿನದ ಹಿಂದಷ್ಟೇ ಅವನು ಸೊಲ್ಲಾಪುರದ ಹೋಲ್‌ಸೇಲ್ ಅಂಗಡಿಯಲ್ಲಿ ಇದೇ ಥರ ಇನ್ನೊಂದು ಕೆಟ್ಟ ಪೆಟ್ಟಿಗೆ ಹಿಡಿದು ನಿಂತಿದ್ದ. ವರ್ಷಗಟ್ಟಲೆ ಅವನ ಕೈಯಿಂದ ರೊಕ್ಕ ಎಣಿಸಿಕೊಂಡ ಸೇಠ್, ಈ ಮನುಷ್ಯನನ್ನು ಈ ಮೊದಲು ಕಂಡದ್ದೇ ಇಲ್ಲ ಎಂಬಂತೆ, ಬಿಲ್ಲು ತೋರಿಸು ಎಂದಿದ್ದ. ಅಂಗಡಿಯ ಆಳುಗಳು ಒಳಗೊಳಗೇ ನಕ್ಕಿದ್ದರು. ಬಸ್ಸಿನಲ್ಲಿ ಆಳಂದದವರೆಗೂ ಆ ಪೆಟ್ಟಿಗೆ ಚಂದ್ರಾಮನ ತೊಡೆಯ ಮೇಲೆ ಕೂಸಿನಂತೆ ಕೂತಿತ್ತು.

ಹುಸೇನಬೀ ಏನೂ ಬೇಡುತ್ತಿರಲಿಲ್ಲ. ಕೌಂಟರಿನ ಅಂಚು ಹಿಡಿದು ಸುಮ್ಮನೆ ನಿಂತಿದ್ದಳು. ಅವನು ಏನು ಹೇಳುತ್ತಾನೆಂಬುದು ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು.

"ಹೌದ್ರಿ," ಎಂದ ಚಂದ್ರಾಮ. "ನಾನೇ ಮಾರೀನ್ರಿ. ಇವೂ ಮಾರಾಕೇ ತಂದಿದ್ದು."

ಆಮೇಲೆ ನಡೆದದ್ದೆಲ್ಲ ಬೇಗ ನಡೆಯಿತು. ಕಲ್ಯಾಣಪ್ಪ ಅವನ ಹೇಳಿಕೆ ಬರೆದುಕೊಂಡು ರುಜು ಹಾಕಿಸಿದರು. ಮೂರು ಪೆಟ್ಟಿಗೆಗಳು ಜೀಪು ಸೇರಿದವು. ತೆರಿಗೆಯ ಜೊತೆ ದಂಡವೂ ಬೀಳುತ್ತದೆ, ಹಳೆಯ ವರ್ಷಗಳ ಲೆಕ್ಕವನ್ನೂ ತೆಗೆಯಬೇಕಾದೀತು, ಸೋಮವಾರ ಕಚೇರಿಗೆ ಬರಬೇಕು ಎಂದರು. ನಾಲ್ಕನೆಯದನ್ನು ಮುಟ್ಟಲಿಲ್ಲ.

"ವಾಪಸ್ ಬಂದ ಮಾಲು ಮಾರಿದ ಲೆಕ್ಕಕ್ಕ ಬರಂಗಿಲ್ಲ," ಎಂದರು ಮೆಟ್ಟಿಲಿಳಿಯುತ್ತ. "ಈಕಿ ರೊಕ್ಕ ಈಕಿಗಿ ಕೊಟ್ರ, ಇದೊಂದರ ಟ್ಯಾಕ್ಸ್ ನಿಮಗ ಹತ್ತಂಗಿಲ್ಲ. ಕೊಡೋದು ಬಿಡೋದು ನಿಮ್ಮಿಬ್ಬರದು."

ಜೀಪು ಹೋಯಿತು. ಪಕ್ಕದ ಅಂಗಡಿಗಳ ಬಾಗಿಲಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಚಂದ್ರಾಮ ಗಲ್ಲಾಪೆಟ್ಟಿಗೆಯ ಖಾನೆ ಎಳೆದ. ಅದರಲ್ಲಿದ್ದ ರೊಕ್ಕ ದಂಡಕ್ಕೇ ಸಾಲದು ಎಂದು ಅವನಿಗೆ ಗೊತ್ತಿತ್ತು. ಕೈ ಒಂದು ಗಳಿಗೆ ಅಲ್ಲೇ ತಡೆಯಿತು. ಆಮೇಲೆ ನೋಟುಗಳನ್ನು ತೆಗೆದು ಅವಳ ಮುಂದಿಟ್ಟ.

ಹುಸೇನಬೀ ತಕ್ಷಣ ಮುಟ್ಟಲಿಲ್ಲ.

"ನೀ ಇಲ್ಲ ಅಂತಿ ಅಂದ್ಕೊಂಡಿದ್ದೆ," ಎಂದಳು.

"ನಾನೂ ಹಂಗೇ ಅಂದ್ಕೊಂಡಿದ್ನವಾ."

ಅವಳು ಹಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ದುಪ್ಪಟ್ಟಿಯನ್ನು ಮಡಚಿಟ್ಟುಕೊಂಡಳು. ಎದುರಿಗೆ ಖಜೂರಿಯ ಬಸ್ಸು ಬಂದು ನಿಂತಿತು. ಜನ ನುಗ್ಗಿದರು, ಅವಳೂ ಮೊಣಕೈ ಚಾಚಿ ನುಗ್ಗಿದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಗಾಜು ಸಿಕ್ಕಿಕೊಂಡಿತ್ತು. ಅಂಗೈಯಿಂದ ಅದನ್ನು ಬಡಿದಳು, ಮತ್ತೆ ಬಡಿದಳು, ಕೊನೆಗೆ ಗಾಜು ಸರಿಯಿತು. ಅವಳು ಅಂಗಡಿಯ ಕಡೆ ನೋಡಲಿಲ್ಲ.

ಚಂದ್ರಾಮ ಯಾವಾಗ ರಸ್ತೆಗೆ ಇಳಿದಿದ್ದನೋ ಅವನಿಗೇ ತಿಳಿಯದು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಡಾಂಬರು ಕಾದಿತ್ತು. ಒಂದು ಕಾಲು ಎತ್ತಿ, ಇಟ್ಟು, ಇನ್ನೊಂದು ಕಾಲು ಎತ್ತುತ್ತ, ಬಸ್ಸು ತಿರುವು ದಾಟುವವರೆಗೂ ಅವನು ಅಲ್ಲೇ ನಿಂತಿದ್ದ.