ಫುಲತೀರ ಅವರ ನಕಲು

ಆ ನಾಟಕದಲ್ಲಿ ಫುಲತೀರ ಅವರಿಗೆ ಇದ್ದ ಕೆಲಸ ಒಂದೇ, ಸತ್ತು ಮಲಗುವುದು. ಪರದೆ ಏಳುವ ಮೊದಲೇ ಶವಪೆಟ್ಟಿಗೆಯೊಳಗೆ ಸೇರಿಕೊಳ್ಳಬೇಕು, ಪರದೆ ಬಿದ್ದ ಮೇಲೆ ಏಳಬೇಕು. ಪೆಟ್ಟಿಗೆ ನಿಜವಾದದ್ದೇ. ಪಕ್ಕದ ಬಡಗಿ ಕೊಟ್ಟಿದ್ದ. "ಊರಲ್ಲಿ ಯಾರಾದ್ರೂ ತೀರಿಕೊಂಡ್ರೆ ಆ ಕ್ಷಣ ವಾಪಸ್ ಬೇಕು, ಒಳಗೆ ಯಾರೇ ಮಲಗಿರ್ಲಿ," ಎಂದು ಷರತ್ತು ಹಾಕಿದ್ದ.

ನಮ್ಮದು ಮುತಾರೆ ಪಟ್ಟಣದ ಸಕೂಬ್ವಾ ಕೇರಿಯ ಪುಟ್ಟ ತಂಡ. ಐದು ಜನ, ಹಳೆಯ ಬಿಯರ್ ಹಾಲ್, ಒಂದು ಹೊಲಿಗೆ ಯಂತ್ರ. ಯಂತ್ರ ನನ್ನದು. ಶಾಲೆಯಿಂದ ನಿವೃತ್ತಳಾದ ಮೇಲೆ ತಂಡದ ಬಟ್ಟೆಬರೆ ನೋಡಿಕೊಳ್ಳುತ್ತಿದ್ದೇನೆ. ಹುಡುಗರ ಬಾಯಲ್ಲಿ ನಾನು ಅಂಬುಯಾ, ಅಜ್ಜಿ. ಫುಲತೀರ ಸೆಕುರು, ಅಜ್ಜ.

ನಾಟಕ ಬರೆದವನು ತೊಂಡೆರಾಯಿ. ನಮ್ಮಲ್ಲಿ ಸಾವಿನ ಮನೆಗೆ ಸಹ್ವಿರಾ ಬಾರದೆ ಮಣ್ಣಾಗುವುದಿಲ್ಲ. ಸಹ್ವಿರಾ ಎಂದರೆ ತಲೆಮಾರುಗಳಿಂದ ಬಂದ ಮನೆತನದ ಗೆಳೆಯ. ಅಳುವವರ ನಡುವೆ ನಿಂತು ಸತ್ತವನನ್ನು ಗೇಲಿ ಮಾಡುವ ಹಕ್ಕು ಅವನದು. ಸೊಸೆಯಂದಿರಿಗೂ ಆ ಹಕ್ಕುಂಟು. ಮಾವನ ಕೋಟು ತೊಟ್ಟು ಅವನಂತೆಯೇ ನಡೆದು ತೋರಿಸುತ್ತಾರೆ. ತೊಂಡೆರಾಯಿಯ ನಾಟಕದಲ್ಲಿ ಒಬ್ಬ ಸಹ್ವಿರಾ ಕುಡಿದು ತಪ್ಪು ಮನೆಗೆ ಬಂದು ಇನ್ಯಾರದೋ ನಕಲು ಮಾಡುತ್ತಾನೆ. ಮನೆಯವರು ಹೇಳಲು ನಾಚಿ ಸುಮ್ಮನಿರುತ್ತಾರೆ. ಸಂಜೆಯ ಹೊತ್ತಿಗೆ ಅವರಿಗೆ ತಮ್ಮ ಸತ್ತವನಿಗಿಂತ ಆ ಇನ್ನೊಬ್ಬನೇ ಇಷ್ಟವಾಗಿಬಿಡುತ್ತಾನೆ.

ಬುಧವಾರ ಮಾರುಕಟ್ಟೆಯ ಹೆಂಗಸರನ್ನು ಕರೆದು ಆಡಿ ತೋರಿಸಿದೆವು. ಯಾರೂ ನಗಲಿಲ್ಲ.

"ಯಾಕಮ್ಮಾ ನಗ್ಲಿಲ್ಲ?" ತೊಂಡೆರಾಯಿ ಟೊಮೆಟೊ ಮಾರುವವಳನ್ನು ಕೇಳಿದ.

"ಆ ಸತ್ತೋನು ಹೆಂಗಿದ್ದ ಅಂತಾನೇ ಗೊತ್ತಿಲ್ವಲ್ಲಪ್ಪ. ಕುಡುಕ ತಪ್ಪು ಮಾಡ್ತಿದಾನೆ ಅಂತ ನಮಗೆ ಹೆಂಗೆ ತಿಳೀಬೇಕು?"

ಅವಳ ಮಾತು ನೂರಕ್ಕೆ ನೂರು ಸರಿ. ಮೊದಲು ಸೊಸೆ ಬಂದು ಸರಿಯಾದ ನಕಲು ಮಾಡಬೇಕು, ಆಮೇಲೆ ಸಹ್ವಿರಾ ತಪ್ಪು ಮಾಡಬೇಕು. ಸೊಸೆಯ ಪಾತ್ರ ನಮ್ಮ ತಂಡದ ಹುಡುಗಿ ಚೆನಾಯಿಯದು.

"ಸೆಕುರು ಅವರದ್ದೇ ಮಾಡು. ಪೆಟ್ಟಿಗೇಲಿ ಇರೋದು ಅವರೇ ತಾನೇ? ನಮಗೆಲ್ಲ ಗೊತ್ತಿರೋರು," ಎಂದ ತೊಂಡೆರಾಯಿ.

ಚೆನಾಯಿ ಫುಲತೀರ ಅವರ ಟೋಪಿ ಹಾಕಿಕೊಂಡು ನಿಂತಳು. ನಿಂತೇ ಇದ್ದಳು.

"ಕೆಮ್ಮು," ಎಂದು ತೊಂಡೆರಾಯಿ ತಾನೇ ಕೆಮ್ಮಿ ತೋರಿಸಿದ.

"ಅದು ಎಲ್ಲ ಮುದುಕರ ಕೆಮ್ಮು ಕಣೋ," ಎಂದೆ ನಾನು.

"ಬೆನ್ನು ಬಗ್ಗಿಸ್ಲಾ?" ಚೆನಾಯಿ ಕೇಳಿದಳು.

"ಅವರು ಬಗ್ಗಿ ನಡೆಯೋದೇ ಇಲ್ವಲ್ಲೇ."

ಹನ್ನೊಂದು ವರ್ಷ ಜೊತೆಗಿದ್ದವರು ನಾವು. ಒಬ್ಬರಿಗೂ ಏನೂ ಹೊಳೆಯಲಿಲ್ಲ. ನಾನು ಸೂಜಿಗೆ ದಾರ ಪೋಣಿಸಲು ಕೂತರೆ ಫುಲತೀರ ಸದ್ದಿಲ್ಲದೆ ಕಿಟಕಿಯಿಂದ ಸರಿದು ಕೂರುತ್ತಿದ್ದರು, ನನಗೆ ಬೆಳಕು ಬೀಳಲೆಂದು. ಟೀ ಸೋಸಿ ಎಲ್ಲರಿಗೂ ಕೊಟ್ಟು ಕೊನೆಯ ಲೋಟ ತಾವು ಹಿಡಿಯುತ್ತಿದ್ದರು. ಯಾರಿಗೂ ಅಡ್ಡ ಬಾರದಂತೆ ಬದುಕಿದ ಮನುಷ್ಯನ ನಕಲು ಮಾಡುವುದು ಹೇಗೆ?

ಅವರು ಪೆಟ್ಟಿಗೆಯಲ್ಲಿ ಎದ್ದು ಕೂತರು.

"ತಪ್ಪು ನಿಮ್ದಲ್ಲ ಮಕ್ಕಳೇ. ನಮ್ಮಪ್ಪ ಮಲಾವಿಯಿಂದ ರೈಲ್ವೆ ಕೆಲಸಕ್ಕೆ ಬಂದೋನು. ಇಲ್ಲಿ ನಮಗೆ ಕುಲ ಇಲ್ಲ, ಹಳ್ಳಿ ಇಲ್ಲ, ಸಹ್ವಿರಾ ಎಲ್ಲಿಂದ ಬರ್ಬೇಕು? ಮಕ್ಕಳಾಗ್ಲಿಲ್ಲ, ಸೊಸೇನೂ ಇಲ್ಲ. ನನ್ನ ಹೆಂಡ್ತಿ ಎಸ್ನಾತ್ ಹೋದಾಗ ಪಾದ್ರಿ ಬಂದ್ರು, ಪ್ರಾರ್ಥನೆ ಮಾಡಿದ್ರು, ಮುಗೀತು. ಒಬ್ರೂ ಅವಳ ಹಾಗೆ ಬೈದು ತೋರಿಸ್ಲಿಲ್ಲ. ಮಣ್ಣು ಬೀಳೋ ಸದ್ದು ಮಾತ್ರ. ನಂದೂ ಹಾಗೇ ಆಗುತ್ತೆ. ಅದಕ್ಕೇ ಈ ಪಾರ್ಟು ಒಪ್ಕೊಂಡೆ. ನಾಟಕದಲ್ಲಾದ್ರೂ ನನ್ನ ಯಾರಾದ್ರೂ ಗೇಲಿ ಮಾಡೋದನ್ನ ಕೇಳಿಸ್ಕೊಂಡು ಮಲಗೋಣ ಅಂತ."

ಚೆನಾಯಿ ಟೋಪಿ ತೆಗೆದು ಎರಡೂ ಕೈಯಲ್ಲಿ ಅವರಿಗೆ ಕೊಟ್ಟಳು.

ಮರುದಿನದಿಂದ ಅವಳು ಅವರ ಬೆನ್ನು ಬಿಡಲಿಲ್ಲ. ಚೀಲ ಹಿಡಿಯುವ ನೆಪ, ಸೊಪ್ಪು ಕೊಳ್ಳುವ ನೆಪ. ಶುಕ್ರವಾರ ನನ್ನ ಯಂತ್ರದ ಪಕ್ಕ ಬಂದು ಕೂತಳು.

"ಸಿಕ್ತು ಅಂಬುಯಾ."

"ಏನು ಸಿಕ್ತೇ?"

"ಹೇಳಲ್ಲ. ಹೇಳಿದ್ರೆ ನೀವು ಬೇಡ ಅಂತೀರಿ."

"ಅಷ್ಟು ಕೆಟ್ಟದ್ದಾ?"

"ಕೆಟ್ಟದ್ದಲ್ಲ. ನಾನು ನೋಡಬಾರದಿತ್ತು, ಅಷ್ಟೇ. ನಿನ್ನೆ ಟೋಪಿ ಮರೆತು ಹೋಗಿದ್ರು, ಕೊಡೋಣ ಅಂತ ಮನೆತನಕ ಹೋದೆ. ಅವರಿಗೆ ಕಾಣಿಸ್ಕೊಳ್ಳದೆ ವಾಪಸ್ ಬಂದ್ಬಿಟ್ಟೆ. ಅದನ್ನ ಮಾಡಿದ್ರೆ ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಆದ್ರೆ ಸೆಕುರು ಮತ್ತೆ ನಮ್ಮ ಹಾಲ್‌ಗೆ ಕಾಲಿಡಲ್ವೇನೋ."

"ಹಾಗಾದ್ರೆ ಅವರನ್ನೇ ಒಂದು ಮಾತು ಕೇಳ್ಬಿಡು."

"ಸತ್ತ ಮಾವನ ಹತ್ರ ಯಾವ ಸೊಸೆ ಅಪ್ಪಣೆ ಕೇಳ್ತಾಳೆ ಅಂಬುಯಾ?"

ಅವಳಿಗಾಗಿ ಕೋಟಿನ ತೋಳು ಮಡಿಸಿ ಹೊಲಿಯುತ್ತಾ ಕೂತೆ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಮೊದಲ ಪ್ರದರ್ಶನ. ಬೆಂಚುಗಳು ತುಂಬಿದ್ದವು. ಚೆನಾಯಿ ಕೋಟು, ಟೋಪಿ ಹಾಕಿಕೊಂಡು ಬಂದಳು. ಎದುರಿಗೆ ಯಾರೂ ಇಲ್ಲದಿದ್ದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಖಾಲಿ ಬೆಂಚಿನ ತುದಿಯಲ್ಲಿ, ಬೀಳುವಷ್ಟು ಅಂಚಿನಲ್ಲಿ ಕೂತಳು. ಅಲ್ಲಲ್ಲಿ ನಗು ಕೇಳಿಸಿತು. ಮತ್ತೆ ಎದ್ದು, ರಂಗದ ಮೇಲಿದ್ದ ಬಾಗಿಲ ಮುಂದೆ ನಿಂತಳು. ಬಾಗಿಲಿಗೆ ಹೊರಗಿನಿಂದ ದೊಡ್ಡ ಬೀಗ ಹಾಕಿತ್ತು. ಜೇಬಿನಿಂದ ಕೀಲಿ ತೆಗೆದಳು. ಬೀಗ ತೆಗೆಯಲಿಲ್ಲ. ಟೋಪಿ ಕಳಚಿ, ಕಾಲರ್ ಸರಿಮಾಡಿಕೊಂಡು, ಬಾಗಿಲು ತಟ್ಟಿದಳು. ಟಕ್, ಟಕ್, ಟಕ್. ಬಾಗಿಲಿಗೆ ಕಿವಿ ಇಟ್ಟಳು.

"ನಾನೇ. ಬರ್ಲಾ?"

ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು, "ಅಯ್ಯೋ ಮುದುಕಪ್ಪಾ, ಬೀಗ ಹಾಕಿರೋದು ನೀನೇ ಅಲ್ವೇನೋ!"

ಹಾಲ್‌ಗೆ ಹಾಲೇ ನಕ್ಕಿತು. ಹೆಂಗಸರು ಒಬ್ಬರ ಹೆಗಲಿಗೊಬ್ಬರು ಒರಗಿ, ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ತೊಂಡೆರಾಯಿಯ ಕುಡುಕ ಸಹ್ವಿರಾ ಬಂದು ಸತ್ತವನನ್ನು ದೊಡ್ಡ ಜಗಳಗಂಟನಂತೆ ಆಡಿ ತೋರಿಸಿದಾಗ ಮಾತೇ ಕೇಳಿಸದಷ್ಟು ಗದ್ದಲ. ನಾನು ಪಕ್ಕದಲ್ಲಿ ನಿಂತು ಪೆಟ್ಟಿಗೆಯ ಕಡೆಗೇ ನೋಡುತ್ತಿದ್ದೆ. ಅಲ್ಲಿಂದ ಕಾಣಿಸುತ್ತಿದ್ದದ್ದು ಅವರ ಬೂಟಿನ ತುದಿ ಮಾತ್ರ. ಅದು ಅಲುಗಲಿಲ್ಲ.

ಪರದೆ ಬಿತ್ತು. ಜನ ಹೋದರು. ಅವರನ್ನು ಬೀಳ್ಕೊಡಲು ತೊಂಡೆರಾಯಿ ಹೊರಗೆ ಓಡಿದ. ಫುಲತೀರ ಏಳಲಿಲ್ಲ.

ಚೆನಾಯಿ ಕೋಟಿನಲ್ಲೇ ಬಂದು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ದೊಡ್ಡವರ ಮುಂದೆ ಮಾಡುವಂತೆ ಅಂಗೈ ಬಟ್ಟಲು ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು.

"ಸೆಕುರು, ತಪ್ಪಾಯ್ತು. ನಾಳೆಯಿಂದ ಅದನ್ನ ಬಿಟ್ಬಿಡ್ತೀನಿ."

ಅವರ ಕಣ್ಣು ಮುಚ್ಚಿಯೇ ಇತ್ತು. "ಮೂರು ಸಲ ತಟ್ಟಿದೆ ನೀನು."

"ಹಾಂ?"

"ತಟ್ಟೋದು ಎರಡೇ ಸಲ. ಮೂರನೇದಕ್ಕೆ ಎಸ್ನಾತ್‌ಗೆ ಸಿಟ್ಟು ಬರೋದು. ಇರೋದೊಂದು ಕೋಣೆ ನೋಡು, ಅವಳು ಒಳಗೆ ಸ್ನಾನ ಮಾಡ್ತಾ ಇರೋಳು. 'ಕೇಳಿಸ್ತು ಕಣಯ್ಯಾ, ನಾನೇನು ಕಿವುಡೀನಾ,' ಅನ್ನೋಳು."

ಚೆನಾಯಿ ಮುಂದಕ್ಕೆ ಬಗ್ಗಿದಳು. "ಹಾಗಾದ್ರೆ ಅದು ಇರ್ಲಾ?"

"ಇರ್ಲಿ. ಸರಿಯಾಗಿ ಮಾಡು. ನಾನು ನಿಜವಾಗ್ಲೂ ಹೋದಾಗ ಬೇಕಾಗುತ್ತೆ."

"ದಿನಾ ಎರಡು ಗಂಟೆಗೆ ಸಾಯ್ತೀರಲ್ಲ ಸೆಕುರು, ಕಲಿಯೋಕೆ ಬೇಕಾದಷ್ಟು ಟೈಮಿದೆ," ಎಂದಳು.

ಅವರು ಗಂಟಲಲ್ಲೇ ನಕ್ಕರು. "ಗಟ್ಟಿಯಾಗಿ ತಟ್ಟಬಾರದು. ಬೆರಳ ಗಿಣ್ಣಲ್ಲಿ. ಹೀಗೆ."

ಮಲಗಿದಲ್ಲಿಂದಲೇ ಪೆಟ್ಟಿಗೆಯ ಬದಿಯನ್ನು ಎರಡು ಸಲ ತಟ್ಟಿದರು. ಆಮೇಲೆ ಕೈ ಅಲ್ಲೇ ನಿಂತಿತು. ಖಾಲಿ ಹಾಲ್‌ನಲ್ಲಿ, ನಾವಿಬ್ಬರೂ ಅಲ್ಲಿರುವುದನ್ನು ಮರೆತವರಂತೆ, ಕಿವಿಗೊಟ್ಟು ಕಾದರು. ನಾನು ಮುಖ ತಿರುಗಿಸಿಕೊಂಡೆ. ಮತ್ತೆ ನೋಡಿದಾಗಲೂ ಚೆನಾಯಿ ಅವರನ್ನೇ ನೋಡುತ್ತಿದ್ದಳು. ಅವರು ಎಷ್ಟು ಹೊತ್ತು ಕಾಯುತ್ತಾರೆಂದು ತುಟಿಯಲ್ಲೇ ಎಣಿಸಿಕೊಳ್ಳುತ್ತಿದ್ದಳು.